ಏಳು ನಂಬರಿನ ನಾಲ್ಕು ಪ್ಲಗ್

ಮಲಾಡಿನ ಗ್ಯಾರೇಜಿನಲ್ಲಿ, ಕೌಂಟರಿನ ಹಿಂದಿನ ಗೋಡೆಗೆ, ಒಂದು ಸುಟ್ಟ ಪಿಸ್ಟನ್ ನಾಲ್ಕು ವರ್ಷ ತಂತಿಯಲ್ಲಿ ನೇತಾಡಿತು. ಅದರ ತಲೆಯಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. ತೂತಿನ ಅಂಚು ಕರಗಿ, ಮೇಣದ ಹಾಗೆ ಇಳಿದು ಗಟ್ಟಿಯಾಗಿತ್ತು. ಕೆಳಗೆ ತಗಡಿನ ತುಂಡೊಂದರ ಮೇಲೆ ಕೆಂಪು ಬಣ್ಣದಲ್ಲಿ, ಹಿಂದಿ ಅಕ್ಷರದಲ್ಲಿ ಬರೆದಿತ್ತು: ‘ಬಡೇ ಮಿಸ್ತ್ರಿ ಕಾ ಕಾಮ್’. ದೊಡ್ಡ ಮಿಸ್ತ್ರಿಯ ಕೆಲಸ. ದೊಡ್ಡ ಮಿಸ್ತ್ರಿ ಎಂದರೆ ನನ್ನ ಅಣ್ಣ. ನಾನು ಅದೇ ಗ್ಯಾರೇಜಿನ ಛೋಟೇ ಮಿಸ್ತ್ರಿ, ಸಣ್ಣವನು.

ಬರೆದದ್ದು ಶೇಟ್, ನಮ್ಮ ಮಾಲೀಕ. ಎದುರಿಗೆ ‘ರೀ’ ಹಚ್ಚಿಯೇ ಮಾತಾಡುತ್ತಿದ್ದೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ಕೈ ಏಳುವುದಿಲ್ಲ. ಅವನು ಉಡುಪಿ ಕಡೆಯವನು, ಹೋಟೆಲ್ ಮನೆತನ. ನಾವು ವಿಜಯಪುರ ಜಿಲ್ಲೆಯವರು. ಕನ್ನಡದ ಗಿರಾಕಿ ಯಾರಾದರೂ ಬಂದರೆ ಪಿಸ್ಟನ್ನಿಗೆ ಬೆರಳಿನಿಂದ ಒಂದು ಏಟು ಕೊಟ್ಟು ತೂಗಿಸುತ್ತಿದ್ದ. “ನೋಡಿ ಸಾರ್, ಟರ್ಬೊ ಗಾಡಿ ಘಟ್ಟದ ಮೇಲಿನವರ ಕೈಗೆ ಕೊಟ್ಟರೆ ಇದು ಗತಿ. ಇವನ ಅಣ್ಣನದ್ದೇ ಪರಾಕ್ರಮ. ಇವನೊಬ್ಬ ಸಾಧು, ಹಾಗಾಗಿ ಇಟ್ಟುಕೊಂಡಿದ್ದೇನೆ ಮಾರಾಯ್ರೆ.”

ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಒಳಗೆ ಹಲ್ಲು ಕಡಿಯುತ್ತಿದ್ದೆ. ಆದರೆ ಆ ಪಿಸ್ಟನ್ ಸುಟ್ಟವನು ನಾನು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಆರನೆಯ ಇಯತ್ತೆ. ಕೆಲಸ ಕಲಿಸಿದ್ದು ಅಣ್ಣ. ಟರ್ಬೊ ಅಂದರೆ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಪಂಖ. ಒತ್ತಡ ಹೆಚ್ಚಿಸಿದಷ್ಟು ಶಕ್ತಿ ಹೆಚ್ಚು, ಬಿಸಿಯೂ ಹೆಚ್ಚು. ಇಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಬಿಳಿ ಪಿಂಗಾಣಿಯ ಮೂಗು ಇರುತ್ತದೆ. ಮೂಗು ಉದ್ದವಿದ್ದರೆ ಬಿಸಿ ಅಲ್ಲೇ ನಿಲ್ಲುತ್ತದೆ, ಅದು ಬಿಸಿ ಪ್ಲಗ್. ಗಿಡ್ಡವಿದ್ದರೆ ಬಿಸಿ ಬೇಗ ಇಂಜಿನ್ನಿನ ಹೆಡ್ಡಿಗೆ ಇಳಿದುಹೋಗುತ್ತದೆ, ಅದು ತಣ್ಣನೆ ಪ್ಲಗ್. ಒತ್ತಡ ಹೆಚ್ಚಿಸಿದ ಗಾಡಿಗೆ ಕಂಪನಿ ಕೊಟ್ಟದ್ದಕ್ಕಿಂತ ಒಂದು ನಂಬರ್ ತಣ್ಣನೆಯದು ಬೇಕು. ತಪ್ಪಿ ಬಿಸಿಯದನ್ನು ಹಾಕಿದರೆ ಪ್ಲಗ್ಗಿನ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗ ಮೇಲಿನಿಂದ ಬೆಂಕಿ ಬೀಳುತ್ತದೆ. ಅಲ್ಯೂಮಿನಿಯಂ ತಡೆಯುವುದಿಲ್ಲ.

ನಾಲ್ಕು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರ್ ತನ್ನ ಟರ್ಬೊ ಗಾಡಿಯನ್ನು ಬೂಸ್ಟ್, ಅಂದರೆ ಆ ಗಾಳಿಯ ಒತ್ತಡ, ಹೆಚ್ಚಿಸಲು ತಂದಿದ್ದ. ಅದರಲ್ಲಿ ಜಪಾನಿನ ಕಂಪನಿಯ ಆರು ನಂಬರಿನ ಪ್ಲಗ್ ಇದ್ದವು. ಅಣ್ಣ ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದಲ್ಲಿಂದಲೇ ಹೇಳಿದ, “ದಾದರಕ್ಕ ಹೋಗಿ ಏಳು ತಗೊಂಬಾ.” ದಾದರಿನ ಪಾರ್ಟ್ಸ್ ಅಂಗಡಿಯಲ್ಲಿ ಜಪಾನಿನ ಏಳು ಮುಗಿದಿತ್ತು. ಅಂಗಡಿಯವನು ಜರ್ಮನ್ ಕಂಪನಿಯ ಡಬ್ಬಿ ತೆಗೆದು, ಇದರಲ್ಲಿ ಆ ಗಾಡಿಗೆ ಆರು ಬರುತ್ತದೆ ಅಂದ. ಆರು ಬರುವುದಾದರೆ ನನಗೆ ಏಳು ಬೇಕು ಅಂದೆ. ಅವನು ಒಮ್ಮೆ ನನ್ನ ಮುಖ ನೋಡಿ ಕೊಟ್ಟ. ಲೋಕಲ್ ರೈಲಿನಲ್ಲಿ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು, ಅಣ್ಣನನ್ನು ಕೇಳದೆ ಒಂದು ಕೆಲಸ ಮಾಡಿದೆ ಎಂದು ಹಿಗ್ಗುತ್ತ ಬಂದೆ.

ಜಪಾನಿನವರ ನಂಬರ್ ಏರಿದರೆ ಪ್ಲಗ್ ತಣ್ಣಗಾಗುತ್ತದೆ. ಆ ಜರ್ಮನ್ ಕಂಪನಿಯ ನಂಬರ್ ಏರಿದರೆ ಬಿಸಿಯಾಗುತ್ತದೆ. ನನಗೆ ಇದು ಗೊತ್ತಿರಲಿಲ್ಲ. ನಮ್ಮಂಥವರು ಅಕ್ಷರ ಓದುವುದಿಲ್ಲ, ಅಂಕಿ ಓದುತ್ತೇವೆ.

ನಾನೇ ಫಿಟ್ ಮಾಡಿದೆ, ಡಬ್ಬಿ ಎಸೆದೆ. ಅಣ್ಣ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದ, “ಏಳು ಹಾಕಿದೇನು?”

“ಏಳs ಹಾಕೀನಿ.”

ಸುಳ್ಳು ಹೇಳಿರಲಿಲ್ಲ. ಅಣ್ಣ ಕಂಟ್ರಾಕ್ಟರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇಗೆ ಹೋದ. ಮೂರನೇ ಸಲ ಪೂರ್ತಿ ಎಕ್ಸಲರೇಟರ್ ಒತ್ತಿದಾಗ ಇಂಜಿನ್ ಕೂತಿತು. ಗಾಡಿಯನ್ನು ಎಳೆದು ತಂದ ಮೇಲೆ ಪ್ಲಗ್ ಬಿಚ್ಚಿದವನೂ ನಾನೇ. ಮೂರನೇ ಸಿಲಿಂಡರಿನ ಪ್ಲಗ್ಗಿನ ತುದಿ ಇರಲೇ ಇಲ್ಲ. ಉಳಿದವನ್ನು ಹಳೆಯ ಆರು ನಂಬರಿನದರ ಪಕ್ಕ ಹಿಡಿದೆ. ಮೂಗು ಗಿಡ್ಡ ಇರಬೇಕಾದಲ್ಲಿ ಉದ್ದ ಇತ್ತು. ಆ ಕ್ಷಣದಲ್ಲೇ ತಿಳಿಯಿತು. ನಾಲ್ಕನ್ನೂ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

“ಪ್ಲಗ್ ಎಲ್ಲಿ ಅದಾವೋ?” ಅಣ್ಣ ಕೇಳಿದ.

“ಕಸದಾಗ ಹೋದುವು ಕಾಣಸ್ತದ.”

ಹಾಕಿದ್ದು ಏಳು, ಅದು ಸರಿಯಾದ ಪ್ಲಗ್, ತಪ್ಪು ಬೇರೆಲ್ಲೋ ಇದೆ ಎಂದು ಅಣ್ಣ ವಾದಿಸಿದ. ತೋರಿಸಲು ಪ್ಲಗ್ ಇರಲಿಲ್ಲ. ಅಣ್ಣನೇ ಮುಚ್ಚಿಟ್ಟಿದ್ದಾನೆ ಎಂದು ಶೇಟ್ ಗಿರಾಕಿಯ ಎದುರಿಗೆ ಅವನ ಕೆನ್ನೆಗೆ ಹೊಡೆದ. ಅಣ್ಣ ಹದಿನೈದು ವರ್ಷ ಸ್ಪ್ಯಾನರ್ ಕೂಡಿಸಿದ ಪಾನಾ ಪೆಟ್ಟಿಗೆಯನ್ನು ಇಟ್ಟುಕೊಂಡು ಅಣ್ಣನನ್ನು ಹೊರಗೆ ಹಾಕಿದ. ಮಲಾಡಿನಿಂದ ಅಂಧೇರಿಯವರೆಗೆ ಎಲ್ಲ ಗ್ಯಾರೇಜಿಗೂ ಫೋನ್ ಮಾಡಿದ. ಮರುದಿನ ಪಿಸ್ಟನ್ ಗೋಡೆಗೆ ಏರಿತು. ನಾನು ಅಣ್ಣನ ಬೆಂಚಿಗೆ ಏರಿದೆ.

ಸೇಡು ತೀರಿಸಿಕೊಳ್ಳಬೇಕಾದರೆ ಒಳಗೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತು ನಾಲ್ಕು ವರ್ಷ ಊಟಕ್ಕೆ ಉಪ್ಪಿನಕಾಯಿಯಂತೆ ಇತ್ತು. ಶೇಟ್‌ನ ಕೆನ್ನೆ, ಶೇಟ್‌ನ ಬೆರಳು, ಶೇಟ್‌ನ ನಗು ಇವನ್ನೇ ನೆನೆಸುತ್ತಿದ್ದರೆ ನನ್ನ ಜೇಬಿಗೆ ಹೋದ ನಾಲ್ಕು ಪ್ಲಗ್ ನೆನಪಾಗುತ್ತಿರಲಿಲ್ಲ. ಅವನ್ನು ಬಿಸ್ಕತ್ ಡಬ್ಬಿಯಲ್ಲಿ ಹಾಕಿ ಖೋಲಿಯ ಮಾಳಿಗೆಯ ಹಲಗೆ ಮೇಲೆ ಇಟ್ಟಿದ್ದೆ.

ಈ ವರ್ಷ ಮಳೆ ನಿಂತ ಮೇಲೆ ಆ ದಿನ ಬಂತು. ಊರ ಹೊರಗೆ ವಿಮಾನ ಇಳಿಯದ ಒಂದು ಹಳೆಯ ರನ್‌ವೇಯಲ್ಲಿ ಗಾಡಿಗಳ ನೇರ ಓಟ. ಶೇಟ್ ತನ್ನ ಸ್ವಂತ ಗಾಡಿ ಇಳಿಸುವವನಿದ್ದ. ಎರಡು ಲೀಟರಿನ ಟರ್ಬೊ, ಬೂಸ್ಟ್ ಒಂದೂವರೆ ಬಾರ್‌ಗೆ ಏರಿಸಿದ್ದ. “ಪ್ಲಗ್ ಆರಿಸುವುದು ನಿನ್ನ ಜವಾಬ್ದಾರಿ,” ಅಂದ. “ಎಂಥದಾದರೂ ಹಾಕಿ ನನ್ನ ಮಾನ ತೆಗೀಬೇಡ. ಗೊತ್ತುಂಟಲ್ಲ, ಮೇಲೆ ಎಂಥ ನೇತಾಡ್ತಾ ಉಂಟು ಅಂತ?”

“ಗೊತ್ತೈತ್ರಿ ಶೇಟ್,” ಅಂದೆ. ಎಲ್ಲ ಲೆಕ್ಕ ಆಗಲೇ ಮುಗಿದಿತ್ತು. ಟ್ರಯಲ್ ಮುಗಿಯುವವರೆಗೆ ಸರಿಯಾದ ಪ್ಲಗ್ ಹಾಕಿ ಅವನ ನಂಬಿಕೆ ಗಳಿಸುವುದು. ಹೊರಡುವ ದಿನ ಬೆಳಿಗ್ಗೆ ಅವನ್ನು ಬಿಚ್ಚಿ, ಅದೇ ಜರ್ಮನ್ ಏಳನ್ನು ಹಾಕುವುದು. ಎಲ್ಲರೆದುರು ರನ್‌ವೇಯ ಮೇಲೆ ಅವನ ಇಂಜಿನ್ ಕರಗಬೇಕು. ಆ ಪಿಸ್ಟನ್ನನ್ನು ನಾನೇ ಬಿಚ್ಚಿ ಅಣ್ಣನದರ ಪಕ್ಕ ನೇತುಹಾಕಬೇಕು.

ತಪ್ಪು ಪ್ಲಗ್ ಹಾಕುವುದಕ್ಕಾಗಿ ಸರಿಯಾದ ಪ್ಲಗ್ಗನ್ನು ಎರಡು ವಾರ ಹುಡುಕಿದೆ.

ಮೊದಲು ಗಾಡಿಯಲ್ಲಿದ್ದ ಆರು ನಂಬರಿನ ಪ್ಲಗ್ಗನ್ನು ಬಿಚ್ಚಿ ಓದಿದೆ. ಮೂಗು ಸುಣ್ಣದಂತೆ ಬೆಳ್ಳಗಾಗಿತ್ತು. ಅದರ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಚುಕ್ಕೆಗಳಿದ್ದವು. ಅವು ಪಿಸ್ಟನ್ನಿನಿಂದ ಎದ್ದ ಅಲ್ಯೂಮಿನಿಯಂ. ಅಂದರೆ ಇಂಜಿನ್ ಆಗಲೇ ನರಳುತ್ತಿತ್ತು. ನನಗೆ ಅದನ್ನು ನೋಡಿ ಖುಷಿಯಾಯಿತು.

ಭಯಕ್ಕೆ ಒಂದಲ್ಲ, ಎರಡು ನಂಬರ್ ತಣ್ಣಗೆ ಹೋಗಿ ಎಂಟು ನಂಬರಿನವನ್ನು ತಂದೆ. ಲಿಂಕ್ ರೋಡಿನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ತೆವಳುವಷ್ಟರಲ್ಲಿ ಗಾಡಿ ಕೆಮ್ಮತೊಡಗಿತು. ಸಿಗ್ನಲ್ಲಿನಲ್ಲಿ ಎರಡು ಸಲ ಬಂದ್ ಬಿತ್ತು. ಹಿಂದಿನ ರಿಕ್ಷಾದವರ ಬೈಗುಳ ನನಗೆ, ಪಕ್ಕದಲ್ಲಿದ್ದ ಶೇಟ್‌ನ ಬೈಗುಳವೂ ನನಗೆ. ಬಿಚ್ಚಿದರೆ ನಾಲ್ಕೂ ಪ್ಲಗ್ ಒಲೆಯ ಮಸಿಯಂತಿದ್ದವು. ತೀರಾ ತಣ್ಣನೆ ಪ್ಲಗ್ಗಿಗೆ ತನ್ನ ಮೇಲಿನ ಮಸಿಯನ್ನು ಸುಟ್ಟುಕೊಳ್ಳುವಷ್ಟು ಬಿಸಿಯೂ ಇರುವುದಿಲ್ಲ.

ಆಮೇಲೆ ಏಳು ತಂದೆ. ಈ ಸಲ ಜಪಾನಿನದೇ. ಡಬ್ಬಿಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದೆ. ತಿರುಪಿನ ಅಗಲ, ತಿರುಪಿನ ಉದ್ದ ಎರಡನ್ನೂ ಹಳೆಯದರ ಪಕ್ಕ ಹಿಡಿದು ಸರಿನೋಡಿದೆ. ಪ್ಲಗ್ ಉದ್ದವಾದರೆ ಪಿಸ್ಟನ್ನಿಗೇ ಬಡಿಯುತ್ತದೆ. ಟ್ರಾಫಿಕ್ಕಿನಲ್ಲಿ ಗಾಡಿ ಮೆತ್ತಗೆ ಓಡಿತು. ಆದರೆ ಹೈವೇಯಲ್ಲಿ ಬೂಸ್ಟ್ ಪೂರ್ತಿ ಏರಿದಾಗ ಟಪ್ ಟಪ್ ಎಂದು ಮಿಸ್ಸಿಂಗ್. ಒತ್ತಿ ತುಂಬಿದ ಗಾಳಿಗೆ ಕಿಡಿ ಆರಿಹೋಗುತ್ತಿತ್ತು. ಪ್ಲಗ್ಗಿನ ತುದಿಯಲ್ಲಿ ಕಿಡಿ ದಾಟುವ ಸಂದು ದೊಡ್ಡದಾಗಿತ್ತು. ಕಂಪನಿಯಿಂದ ಎಂಟು ಪಾಯಿಂಟ್ ಬಂದಿತ್ತು, ಮಿಲಿಮೀಟರಿನ ಹತ್ತು ಭಾಗದಲ್ಲಿ ಎಂಟು. ಸಂದನ್ನು ಏಳು ಪಾಯಿಂಟಿಗೆ ಇಳಿಸಿದೆ, ಮಿಸ್ಸಿಂಗ್ ಕಡಿಮೆಯಾಯಿತು, ಹೋಗಲಿಲ್ಲ. ಆರಕ್ಕೆ ಇಳಿಸುವಾಗ ಅವಸರ ಮಾಡಿ ಒಂದನ್ನು ಕೆಡಿಸಿದೆ. ಇರಿಡಿಯಂ ಪ್ಲಗ್ಗಿನ ನಡುವಿನ ಕಡ್ಡಿ ಸೂಜಿಯಷ್ಟು ತೆಳ್ಳಗೆ ಇರುತ್ತದೆ. ಸಂದು ಅಳೆಯುವ ಗೇಜ್ ತಾಗಿದ್ದೇ ತಡ ಮುರಿಯಿತು. ಮತ್ತೆ ದಾದರಿಗೆ ಹೋಗಿ ಬಂದೆ. ಮರುದಿನ ಹೊರಗಿನ ಕೊಂಡಿಯನ್ನು ಮಾತ್ರ ಕೂದಲೆಳೆಯಷ್ಟು ಬಗ್ಗಿಸುತ್ತ ನಾಲ್ಕನ್ನೂ ಆರಕ್ಕೆ ತಂದೆ.

ಬೆಳಿಗ್ಗೆ ರಸ್ತೆ ಖಾಲಿ ಇದ್ದಾಗ ಪೂರ್ತಿ ಒತ್ತಿ, ಒತ್ತಿದ್ದ ಹಾಗೆಯೇ ಇಂಜಿನ್ ಬಂದ್ ಮಾಡಿ, ಕ್ಲಚ್ ಹಿಡಿದು ಪಕ್ಕಕ್ಕೆ ಸರಿಸಿದೆವು. ಆರಿದ ಮೇಲೆ ಅಲ್ಲೇ ಬಿಚ್ಚಿದೆ. ಮೂಗು ತಿಳಿ ಚಹಾದ ಬಣ್ಣಕ್ಕೆ ಬಂದಿತ್ತು. ಹೊರಗಿನ ಕೊಂಡಿಯ ಮೇಲೆ ಬಿಸಿ ಬಿಟ್ಟ ಗೆರೆ ಸರಿಯಾಗಿ ನಡುವಿಗೆ ನಿಂತಿತ್ತು. ಒಂದೂ ಚುಕ್ಕೆ ಇರಲಿಲ್ಲ. ಅಂಥ ಪ್ಲಗ್ಗನ್ನು ಅಣ್ಣನ ಕೈಯಲ್ಲಿ ಮಾತ್ರ ನೋಡಿದ್ದೆ.

“ಭಾರಿ ಆಯ್ತು ಮಾರಾಯ,” ಶೇಟ್ ಬೆನ್ನು ತಟ್ಟಿದ. “ನಿನ್ನ ಅಣ್ಣನಿಗೆ ನಿನ್ನ ತಲೆಯ ಅರ್ಧ ಇದ್ದರೂ ಸಾಕಿತ್ತು.”

ಅಂದೇ ಮಧ್ಯಾಹ್ನ ದಾದರಿಗೆ ಹೋಗಿ ಜರ್ಮನ್ ಕಂಪನಿಯ ಏಳು ನಂಬರಿನ ನಾಲ್ಕು ಪ್ಲಗ್ ಕೊಂಡೆ. ಚೀಲದಲ್ಲಿ ಹಾಕಿಕೊಂಡು ಅಲ್ಲಿಂದಲೇ ಸೆಂಟ್ರಲ್ ಲೈನಿನ ಲೋಕಲ್ ಹತ್ತಿ ಘಾಟ್ಕೋಪರಿಗೆ ಹೋದೆ. ಅಣ್ಣ ಅಲ್ಲಿ ಒಂದು ಹೌಸಿಂಗ್ ಸೊಸೈಟಿಯಲ್ಲಿ ನೀರಿನ ಪಂಪ್ ಬಿಡುವ ಕೆಲಸಕ್ಕಿದ್ದ. ಸೇಡಿನ ಸುದ್ದಿಯನ್ನು ಅವನಿಗೆ ಮೊದಲೇ ತಿಳಿಸಿ, ಅವನ ಮುಖ ಅರಳುವುದನ್ನು ನೋಡಬೇಕಿತ್ತು.

ಪಂಪ್ ರೂಮಿನಲ್ಲಿ ಅಣ್ಣ ವಾಲ್ವ್ ತಿರುಗಿಸುತ್ತಿದ್ದ. “ಏನ್ಲೇ, ಹಾದಿ ತಪ್ಪಿ ಬಂದೇನು? ಆ ಡಬ್ಬಿ ಮ್ಯಾಲೆ ಕೂಡಬ್ಯಾಡ, ಗ್ರೀಸ್ ಐತಿ.”

“ಶೇಟ್‌ನ ಗಾಡಿ ಓಟಕ್ಕ ಹೊಂಟೈತಿ ಅಣ್ಣ. ನಾನs ಪ್ಲಗ್ ಹಾಕಾವ.”

“ಬೂಸ್ಟ್ ಎಷ್ಟಿಟ್ಟಾನ?”

“ಒಂದೂವರಿ.”

“ಮೊದಲಿನ ಪ್ಲಗ್ ಬಣ್ಣ ಹೆಂಗಿತ್ತು?”

“ಬೆಳ್ಳಗ. ಬೆಳ್ಳಿ ಕಾಳು ಕುಂತಿದ್ದವು.”

“ಏಳು ಹಾಕು. ಸಂದು ಕಡಿಮಿ ಮಾಡು, ಆರಕ್ಕ ತಾ.” ಎರಡು ವಾರ ನಾನು ಒದ್ದಾಡಿ ಕಂಡುಕೊಂಡದ್ದನ್ನು ವಾಲ್ವಿನಿಂದ ಕೈ ತೆಗೆಯದೆ ಹೇಳಿದ.

“ಹಾಕಂಗಿಲ್ಲ. ಅವನ ಪಿಸ್ಟನ್ ಕರಗಸ್ತೀನಿ. ನಿಂದರ ಬಾಜೂಕ ತೂಗ ಹಾಕ್ತೀನಿ. ಎಲ್ಲಾರೂ ನೋಡಲಿ.”

ಅಣ್ಣನ ಮುಖ ಅರಳಲಿಲ್ಲ. “ಹುಚ್ಚ ಅದೀ. ನೋಡಿದವರು ಏನಂತಾರ? ಅಣ್ಣಾನೂ ಸುಟ್ಟ, ತಮ್ಮಾನೂ ಸುಟ್ಟ ಅಂತಾರ. ಅವಂಗೇನು, ಇನ್ನೊಂದು ತಗಡ ಬರೀತಾನ.” ಅರಿವೆಗೆ ಕೈ ಒರೆಸಿಕೊಂಡು ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತ. “ಅದ ಬಿಡು. ನಿನಗ ಏನಾರ ಹೊಳದರ ಹೇಳು. ಅವತ್ತ ಏಳು ಹಾಕಿದ್ದಿ. ಬೂಸ್ಟ್ ನಾನs ನೋಡಿದ್ದೆ. ಪೆಟ್ರೋಲ್ ಚಲೋ ಇತ್ತು. ಮತ್ತ ಯಾಕ ಕರಗಿತು? ನಾಲ್ಕು ವರ್ಷ ಆತು, ಈ ಪಂಪಿನ ಮುಂದ ಕುಂತು ಅದನ್ನs ವಿಚಾರ ಮಾಡ್ತೀನಿ.”

ನಾನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ.

“ಶೇಟ್ ಹೊರಗ ಹಾಕಿದಾ ಅಂತ ನಾ ಕೆಲಸ ಬಿಡಲಿಲ್ಲಪಾ. ಇಲ್ಲೇ ಘಾಟ್ಕೋಪರದಾಗ ಇಬ್ಬರು ಕರದ್ರು. ನನಗs ಅಂಜಿಕಿ ಬಂತು. ತಪ್ಪು ಎಲ್ಲಿ ಆಗೈತಿ ಅಂತ ಗೊತ್ತಿಲ್ಲದಾಗ ಇನ್ನೊಂದು ಇಂಜಿನ್ ಹೆಂಗ ಮುಟ್ಟಲಿ?”

ಉತ್ತರ ನನ್ನ ಚೀಲದಲ್ಲಿ ನಾಲ್ಕು ಡಬ್ಬಿಗಳಲ್ಲಿ ಇತ್ತು. “ನನಗೂ ತಿಳಿವಲ್ದು ಅಣ್ಣ,” ಅಂದೆ. ಎರಡನೇ ಸಲ ಅದೇ ಕೆಲಸ ಮಾಡಿದೆ. ಅವನು ತಂದುಕೊಟ್ಟ ಚಹಾ ಕುಡಿದು ಎದ್ದೆ.

ಅಂಧೇರಿಗೆ ತಿರುಗಿ ಬರುವ ಮೆಟ್ರೊದಲ್ಲಿ ಕೂರಲು ಜಾಗವಿತ್ತು, ಕೂರಲಿಲ್ಲ. ಅಣ್ಣನ ಕೆಲಸ ಕಿತ್ತುಕೊಂಡವನು ಶೇಟ್ ಎಂದು ನಾಲ್ಕು ವರ್ಷ ನಂಬಿದ್ದೆ. ಶೇಟ್ ಕಿತ್ತುಕೊಂಡದ್ದು ಪಾನಾ ಪೆಟ್ಟಿಗೆ ಮಾತ್ರ. ಅಣ್ಣನಿಗೆ ತನ್ನ ಕೈಯ ಮೇಲಿದ್ದ ನಂಬಿಕೆಯನ್ನು ನಾನು ಜೇಬಿಗೆ ಹಾಕಿಕೊಂಡು ಹೋಗಿದ್ದೆ. ಇಂಜಿನ್ ಕರಗಿಸಿದರೆ ಅದು ತಿರುಗಿ ಬರುವುದಿಲ್ಲ. ಹಾಗೆಂದು ಶೇಟ್‌ನ ಮೇಲಿನ ಸಿಟ್ಟೂ ಇಳಿಯಲಿಲ್ಲ. ಸಹಾರ್ ರೋಡಿನ ಮೇಲೆ ಗಾಡಿ ಸಾಗುವಾಗ ಒಂದು ತಿಳಿಯಿತು: ಅವನ ಮರ್ಯಾದೆ ಇಂಜಿನ್ನಿನಲ್ಲಿ ಇಲ್ಲ, ಆ ತಗಡಿನಲ್ಲಿ ಇದೆ. ಅಲ್ಲಿಯೇ ಕೈ ಹಾಕಬೇಕು, ಮತ್ತು ನನ್ನ ಕೈಯೂ ಸುಡಬೇಕು.

ಅಣ್ಣನಿಗೆ ಫೋನ್ ಮಾಡಿ, ಶನಿವಾರ ಹತ್ತಕ್ಕೆ ಗ್ಯಾರೇಜಿಗೆ ಬಾ, ನಿನ್ನ ಪಾನಾ ಪೆಟ್ಟಿಗೆ ಕೊಡಿಸುತ್ತೇನೆ ಎಂದೆ. ಆಮೇಲೆ ಎರಡು ದಿನ ಒಂದು ರಟ್ಟಿನ ಮೇಲೆ ಒಂದೇ ಹಿಂದಿ ಶಬ್ದವನ್ನು ತಿದ್ದಿ ತಿದ್ದಿ ಕಲಿತೆ.

ಶನಿವಾರ ಗಾಡಿಗೆ ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಓಟಕ್ಕೆ ಜೊತೆಯಲ್ಲಿ ಹೊರಟ ಹತ್ತು ಹನ್ನೆರಡು ಖಾಯಂ ಗಿರಾಕಿಗಳು ಪೇಡೆ ತಿನ್ನುತ್ತ ನಿಂತಿದ್ದರು. ಅಂದು ಇಂಜಿನ್ ಸುಡಿಸಿಕೊಂಡ ಕಂಟ್ರಾಕ್ಟರನೂ ಇದ್ದ. ಗೇಟಿನ ಆಚೆ, ಫುಟ್‌ಪಾತಿನ ಮೇಲೆ, ಅಣ್ಣ. ಒಳಗೆ ಬರಲಿಲ್ಲ.

ಶೇಟ್ ಕಾಯಿ ಒಡೆದು, ರೂಢಿಯಂತೆ ಪಿಸ್ಟನ್ನಿಗೆ ಬೆರಳಿನ ಏಟು ಕೊಟ್ಟು ಮಾತು ತೆಗೆದ. ನಾನು ಸ್ಟೂಲ್ ಹಾಕಿ ಹತ್ತಿದೆ.

“ಎಂಥದು ಮಾರಾಯ ಈಗ? ಧೂಳು ಒರೆಸುವ ಹೊತ್ತಾ ಇದು?”

ಥಿನ್ನರಿನಲ್ಲಿ ಅದ್ದಿದ ಅರಿವೆಯಿಂದ ‘ಬಡೇ’ ಎಂಬುದನ್ನು ಒರೆಸಿದೆ. ಕೆಂಪು ಬಣ್ಣ ಮೊಣಕೈವರೆಗೆ ಇಳಿಯಿತು. ಆ ಜಾಗದಲ್ಲಿ ಕುಂಚದಿಂದ ‘ಛೋಟೇ’ ಎಂದು ಬರೆದೆ. ಅಕ್ಷರ ಸೊಟ್ಟಗಿದ್ದರೂ ಓದಲು ಬರುತ್ತಿತ್ತು. ಬಿಸ್ಕತ್ ಡಬ್ಬಿ ಬಿಚ್ಚಿ ಸುಟ್ಟ ಪ್ಲಗ್ಗುಗಳನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟೆ. ಯಾವ ಅಂಗಡಿಯಿಂದ ತಂದೆ, ನಂಬರ್ ಹೇಗೆ ಉಲ್ಟಾ ಇತ್ತು, ಯಾರ ಜೇಬಿನಲ್ಲಿ ಹೋದವು, ಎಲ್ಲವನ್ನೂ ನನಗೆ ಬರುವ ಹಿಂದಿಯಲ್ಲಿ ಕಂಟ್ರಾಕ್ಟರನ ಮುಖ ನೋಡಿ ಹೇಳಿದೆ.

ಅವನು ಒಂದು ಪ್ಲಗ್ ಎತ್ತಿ ತಿರುಗಿಸಿ ನೋಡಿದ. ಆಮೇಲೆ ಶೇಟ್‌ನ ಕಡೆ ತಿರುಗಿದ. “ಶೇಟ್‌ಜೀ, ಚಾರ್ ಸಾಲ್ ಗಲತ್ ಆದ್ಮೀ ಕೋ ಟಾಂಗ್ ಕೇ ರಖಾ?”

ನಾಲ್ಕು ವರ್ಷ ತಪ್ಪು ಮನುಷ್ಯನನ್ನು ನೇತುಹಾಕಿದ್ದೀಯಾ ಎಂದು ಅವನು ಕೇಳಿದ್ದಕ್ಕೆ ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ತಾನು ಇಟ್ಟುಕೊಂಡವನೇ ಸುಟ್ಟವನು, ಹೊರಗೆ ಹಾಕಿದವನು ಸರಿ ಇದ್ದವನು. ಗಾಡಿ ಓದಲು ಬರುತ್ತದೆಂದು ಮೆರೆಯುತ್ತಿದ್ದ ಮನುಷ್ಯನ ಕಿವಿ ಕೆಂಪಾದವು. ಆ ನಗು ನನಗೆ ಸಿಹಿಯಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ನಕ್ಕವರಲ್ಲಿ ಅರ್ಧ ಜನ ನನ್ನನ್ನು ನೋಡಿ ನಗುತ್ತಿದ್ದರು, ಅದೂ ಗೊತ್ತಿತ್ತು.

“ನಿನಗೆ ಮುಂಬಯಿಯಲ್ಲಿ ಎಲ್ಲಿಯೂ ಕೆಲಸ ಸಿಗದ ಹಾಗೆ ಮಾಡ್ತೇನೆ,” ಶೇಟ್ ಹಲ್ಲಿನ ಸಂದಿಯಿಂದ ಅಂದ.

“ಮಾಡ್ರಿ. ಎಲ್ಲಾರಿಗೂ ತೋರಸ್ರಿ. ಹೆಸರು ಅಲ್ಲೇ ಐತಿ.”

ಅಷ್ಟರಲ್ಲಿ ಅಣ್ಣ ಒಳಗೆ ಬಂದಿದ್ದ. ಕೌಂಟರಿನಿಂದ ತುದಿಯಿಲ್ಲದ ಪ್ಲಗ್ ಎತ್ತಿಕೊಂಡು ಬೆಳಕಿಗೆ ಹಿಡಿದ. ಬದಿಯಲ್ಲಿ ಒತ್ತಿದ ಅಕ್ಷರ ಓದಿದ. ಮತ್ತೊಂದರ ಮೂಗನ್ನು ಹೆಬ್ಬೆರಳಿನ ಉಗುರಿನಿಂದ ಅಳೆದ. ಅವನಿಗೆ ಎಲ್ಲ ತಿಳಿಯಲು ಹತ್ತು ಎಣಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಅವನ ಭುಜ ಸ್ವಲ್ಪ ಇಳಿಯಿತು, ಹೊತ್ತ ಮೂಟೆಯನ್ನು ಕೆಳಗಿಟ್ಟವರಿಗೆ ಇಳಿಯುವ ಹಾಗೆ. ನನ್ನ ಕಡೆ ನೋಡಲಿಲ್ಲ.

ನನ್ನ ಬೆಂಚಿನ ಕೆಳಗಿನಿಂದ ತನ್ನ ಪೆಟ್ಟಿಗೆ ಎಳೆದ. ಅದರಲ್ಲಿ ಅವನೇ ಮಾಡಿದ ಪ್ಲಗ್ ಪಾನಾ ಇತ್ತು. ಪ್ಲಗ್ ಜಾರದಂತೆ ಒಳಗೆ ಸೈಕಲ್ ಟ್ಯೂಬಿನ ತುಂಡು ಕೂರಿಸಿದ್ದ. ಅದನ್ನು ಹಿಡಿದು ಹಾರ ಹಾಕಿದ ಗಾಡಿಯ ಹತ್ತಿರ ಹೋದ. ಇಂಜಿನ್ ಇನ್ನೂ ತಣ್ಣಗಿತ್ತು. ಯಾರೂ ತಡೆಯಲಿಲ್ಲ, ಶೇಟ್ ಕೂಡ. ಮೂರನೇ ಸಿಲಿಂಡರಿನ ಕಾಯಿಲ್ ಎತ್ತಿ, ಪ್ಲಗ್ ಬಿಚ್ಚಿ, ಅಕ್ಷರ ಓದಿ, ಸಂದಿನಲ್ಲಿ ಗೇಜ್ ಎಳೆದು ನೋಡಿದ. ತಿರುಗಿ ಹಾಕುವಾಗ ಮೊದಲು ಬೆರಳಿನಿಂದಲೇ ಕೊನೆಯವರೆಗೆ ಸುತ್ತಿದ, ಆಮೇಲೆ ಪಾನಾ ಹಚ್ಚಿದ. ನನಗೆ ಮೊದಲ ದಿನ ಕಲಿಸಿದ್ದು ಅದನ್ನೇ.

“ಸರಿ ಅದಾವ್ರಿ,” ಶೇಟ್‌ಗೆ ಹೇಳಿದ. “ಓಡಸ್ರಿ.”

ಪೆಟ್ಟಿಗೆ ಹೆಗಲಿಗೆ ಏರಿಸಿ ಗೇಟ್ ದಾಟಿದ. ನಾನು ಸ್ಟೇಶನ್ನಿನವರೆಗೆ ಹತ್ತು ಹೆಜ್ಜೆ ಹಿಂದೆ ನಡೆದೆ. ಪ್ಲಾಟ್‌ಫಾರ್ಮಿನಲ್ಲಿ ಒಮ್ಮೆ ತಿರುಗಿ, “ನೀ ಈ ಗಾಡಿಗೆ ಬರಬ್ಯಾಡ. ಹಿಂದಿಂದಕ್ಕ ಬಾ,” ಅಂದು ಹತ್ತಿಕೊಂಡ.

ಶೇಟ್‌ನ ಇಂಜಿನ್ನಿಗೆ ಏನೂ ಆಗಲಿಲ್ಲವಂತೆ. ತಗಡು ಮರುದಿನವೇ ಇಳಿಯಿತಂತೆ. ನಾನು ಈಗ ವಸಾಯಿಯಲ್ಲಿ ಟೆಂಪೊಗಳಿಗೆ ಗ್ರೀಸ್ ಹೊಡೆಯುತ್ತೇನೆ. ಅಣ್ಣ ನನ್ನ ಫೋನ್ ಎತ್ತುವುದಿಲ್ಲ. ಘಾಟ್ಕೋಪರಿನ ಗ್ಯಾರೇಜಿಗೆ ಸೇರಿ ಮತ್ತೆ ಟರ್ಬೊ ಗಾಡಿಗಳನ್ನೇ ಮುಟ್ಟುತ್ತಿದ್ದಾನೆ ಎಂದು ಊರಿನ ಒಬ್ಬ ಪೇಂಟರ್ ಹೇಳಿದ.

ಆ ದಿನ ಕೌಂಟರಿನ ಮೇಲೆ ನಾಲ್ಕು ಪ್ಲಗ್ ಇಟ್ಟಿದ್ದೆ. ತಿರುಗಿ ಡಬ್ಬಿಗೆ ಹಾಕಿಕೊಳ್ಳುವಾಗ ಮೂರೇ ಇದ್ದವು. ತುದಿಯಿಲ್ಲದ ನಾಲ್ಕನೆಯದು ಈಗ ಅಣ್ಣನ ಬೆಂಚಿನ ಮೇಲೆ ತಂತಿಯಲ್ಲಿ ನೇತಾಡುತ್ತದಂತೆ, ತಗಡಿಲ್ಲ, ಬರಹವಿಲ್ಲ. ಗಿರಾಕಿಗಳು ಇದು ಯಾರ ಕೆಲಸ ಎಂದು ಕೇಳಿದರೆ ಅಣ್ಣ ಕೈಯಲ್ಲಿದ್ದ ಪಾನಾ ನಿಲ್ಲಿಸದೆ ಹೇಳುತ್ತಾನಂತೆ:

“ನಮ್ಮ ತಮ್ಮಂದು.”